ಕೂಸಪ್ಪಣ್ಣ ಮತ್ತು ಮತ್ತಿತರರು

ನಮ್ಮ ಕಡೆ ಒಬ್ಬ ಮನುಷ್ಯ ಬದುಕಿದ್ದಾನೆ ಎಂಬುದಕ್ಕೆ ಎರಡು ದಾಖಲೆಗಳು. ಒಂದು ರೇಷನ್ ಕಾರ್ಡು. ಇನ್ನೊಂದು, ಪೇಪರಿನಲ್ಲಿ ‘ವೇದಿಕೆಯಲ್ಲಿ ಉಪಸ್ಥಿತರಿದ್ದರು’ ಎಂಬ ಮಾತಿನ ಜೊತೆಗೆ ಬರುವ ಹೆಸರುಗಳ ಪಟ್ಟಿ. ರೇಷನ್ ಕಾರ್ಡನ್ನು ಸರಕಾರ ಕೊಡುತ್ತದೆ. ಪಟ್ಟಿಗೆ ಸೇರಬೇಕಾದರೆ ಯಾವುದಾದರೂ ಸಂಘದಲ್ಲಿ ಒಂದು ಹುದ್ದೆ ಬೇಕು.

ಆ ಪಟ್ಟಿಯನ್ನು ಇಪ್ಪತ್ತೆರಡು ವರ್ಷಗಳಿಂದ ಬರೆಯುತ್ತಿರುವ ಪಾಪಿ ನಾನೇ. ಹಗಲು ಹೈಸ್ಕೂಲಿನಲ್ಲಿ ಗುಮಾಸ್ತಿಕೆ, ಉಳಿದ ಹೊತ್ತು ರಾಮಕುಂಜದ ಆಚೆಗಿನ ನಾಲ್ಕು ಗ್ರಾಮಗಳಿಗೆ ಪತ್ರಿಕೆಯ ವರದಿಗಾರಿಕೆ. ಭಾಷಣ ಮಾಡಿದವರು ಏನು ಹೇಳಿದರು ಎಂದು ಯಾರೂ ಓದುವುದಿಲ್ಲ, ಓದುವುದು ಪಟ್ಟಿಯನ್ನು. ಒಂದು ಹೆಸರು ಬಿಟ್ಟುಹೋದರೆ ಬೆಳಿಗ್ಗೆ ಏಳಕ್ಕೆ ಫೋನ್ ಬರುತ್ತದೆ. ಜಾಗ ಸಾಲದಿದ್ದಾಗ ‘ಮತ್ತಿತರರು’ ಎಂದು ಬರೆದು ಕೈತೊಳೆದುಕೊಳ್ಳುತ್ತೇನೆ. ಆ ಒಂದು ಪದದೊಳಗೆ ಎಷ್ಟು ಜನರ ಇಸ್ತ್ರಿ ಹಾಕಿದ ಅಂಗಿಗಳು ಮುದುಡಿ ಬಿದ್ದಿವೆಯೋ ದೇವರಿಗೇ ಗೊತ್ತು.

ಕೂಸಪ್ಪಣ್ಣ, ಅಂದರೆ ಕೂಸಪ್ಪ ಗೌಡರು, ಅರುವತ್ತೊಂದು ವಯಸ್ಸಾದರೂ ‘ಮತ್ತಿತರರು’ ಕೂಡ ಆಗಿರಲಿಲ್ಲ. ಅವರದು ಯಾವತ್ತೂ ಸಭೆಯ ಮೂರನೆಯ ಸಾಲಿನ ಬದಿಯ ಕುರ್ಚಿ. ಹಾಲಿನ ಸೊಸೈಟಿ, ಭಜನಾ ಮಂಡಳಿ, ಹಳೆ ವಿದ್ಯಾರ್ಥಿ ಸಂಘ, ಎಲ್ಲದರಲ್ಲೂ ಸದಸ್ಯರು, ಯಾವುದರಲ್ಲೂ ಹುದ್ದೆ ಇಲ್ಲ. ಹುದ್ದೆಗಳನ್ನೆಲ್ಲ ಪಕ್ಕದ ಮನೆಯ ಡೊಂಬಯ್ಯ ಗೌಡರು ಗುತ್ತಿಗೆ ಹಿಡಿದಿದ್ದರು. ಇವರು ಕೂಸಪ್ಪಣ್ಣನಿಗಿಂತ ಮೂರು ವರ್ಷ ದೊಡ್ಡವರು, ಹನ್ನೊಂದು ಸಂಘಗಳ ಪದಾಧಿಕಾರಿ, ಮನೆಯಲ್ಲಿ ಕಪಾಟು ತುಂಬ ಸನ್ಮಾನದ ಶಾಲು. ಆ ಶಾಲುಗಳನ್ನು ಅವರು ಬಿಸಿಲಿಗೆ ಹಾಕುವುದು ಕೂಸಪ್ಪಣ್ಣನ ಅಂಗಳಕ್ಕೆ ಕಾಣುವ ಹಾಗೆ.

“ಸಾಯುವ ಮೊದಲು ಒಂದು ಸಲ ಮೇಲೆ ಕೂತ್ಕೊಳ್ಬೇಕು ಮಾರಾಯ್ರೆ,” ಎಂದು ಕೂಸಪ್ಪಣ್ಣ ನನ್ನಲ್ಲಿ ಗುಟ್ಟಾಗಿ ಹೇಳಿದ್ದರು. “ಕೆಳಗಿನಿಂದ ನೋಡಿ ನೋಡಿ ಕುತ್ತಿಗೆ ನೋವು.”

ಈಗ ಎರಡು ವರ್ಷ ಹಿಂದೆ ಹೋಗಬೇಕು. ಆಗ ನಡೆದದ್ದು ನನಗೂ ಗೊತ್ತಿರಲಿಲ್ಲ, ಊರಿಗೆಲ್ಲ ಗೊತ್ತಾದ ದಿನವೇ ನನಗೂ ಗೊತ್ತಾದದ್ದು. ಕೂಸಪ್ಪಣ್ಣನಿಗೆ ಕೈ ನಡುಕ, ಎದೆ ಡವಡವ, ಮೂರು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದಿದ್ದರು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿದೆ ಎಂದು ಪತ್ತೆಯಾಯಿತು. ಅವರ ತಂಗಿಯ ಮಗಳು ಮೋಕ್ಷಿತಾ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್. ವಿಕಿರಣ ಸೂಸುವ ಔಷಧವನ್ನು ಅಳೆದು ಕೊಟ್ಟು, ಅದು ದೇಹದೊಳಗೆ ಎಲ್ಲಿಗೆ ಹೋಯಿತು ಎಂದು ಯಂತ್ರದಲ್ಲಿ ನೋಡುವ ಕೆಲಸ ಅವಳದು. ಮಾವನನ್ನು ಕರೆಸಿಕೊಂಡು, ವೈದ್ಯರ ಕೈಯಲ್ಲಿ ಪರೀಕ್ಷೆ ಮಾಡಿಸಿ, ಸೀಸದ ಡಬ್ಬಿಯಿಂದ ತೆಗೆದ ಒಂದು ವಿಕಿರಣ ಅಯೋಡಿನ್ ಗುಳಿಗೆ ನುಂಗಿಸಿ ಮನೆಗೆ ಕಳಿಸಿದಳು. ಜೊತೆಗೊಂದು ಚೀಟಿ: ಕೆಲವು ದಿನ ಬೇರೆ ಕೋಣೆಯಲ್ಲಿ ಮಲಗಬೇಕು, ಬೇರೆಯಾಗಿ ಉಣ್ಣಬೇಕು, ಗರ್ಭಿಣಿಯರಿಂದ, ಮಕ್ಕಳಿಂದ ದೂರ ಇರಬೇಕು. ಮನೆಯಲ್ಲಿ ಸೊಸೆ ದೀಪ್ತಿ ಏಳು ತಿಂಗಳ ಬಸುರಿ. ಕೂಸಪ್ಪಣ್ಣ ಪಂಪ್‌ಶೆಡ್ಡಿನ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿದರು.

ಅದು ನವೆಂಬರ್ ಕೊನೆ. ಗಡ್ಡ ಬೆಳೆದಿತ್ತು. ಉಟ್ಟದ್ದು ಹಳೆಯ ಕಪ್ಪು ಲುಂಗಿ, ಕೊರಳಿಗೆ ಸುತ್ತಿದ ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ. ಹೆಂಡತಿ ಕಮಲಾವತಿ ಬಾಳೆಲೆಯಲ್ಲಿ ಊಟ ತಂದು ಕಲ್ಲಿನ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಈ ತಿಂಗಳಲ್ಲಿ, ಈ ವೇಷದಲ್ಲಿ, ಹೀಗೆ ಪ್ರತ್ಯೇಕ ಇರುವ ಗಂಡಸನ್ನು ನಮ್ಮೂರಿನಲ್ಲಿ ಯಾರು ಕಂಡರೂ ತೀರ್ಮಾನ ಒಂದೇ, ಶಬರಿಮಲೆ ವ್ರತ. ಡೊಂಬಯ್ಯ ಗೌಡರು ಬಂದರು, ನೋಡಿದರು, ಬೈರಾಸಿನ ಅಡಿಯಲ್ಲಿ ಮಾಲೆ ಇದೆಯೆಂದು ಭಾವಿಸಿ “ಸ್ವಾಮಿ ಶರಣಂ” ಎಂದರು. ಹತ್ತಿರ ಬರಬೇಡಿ ಎಂದು ಕೂಸಪ್ಪಣ್ಣ ಅಂಗೈ ಎತ್ತಿದರು. ಅದು ಆಶೀರ್ವಾದದ ಹಾಗೆ ಕಂಡಿತು. ಮಾಲೆ ಹಾಕಿದವನು ಪ್ರಾಯದಲ್ಲಿ ಚಿಕ್ಕವನಾದರೂ ಸ್ವಾಮಿಯೇ. ಕೂಸಪ್ಪಣ್ಣ ಹಿಂದಕ್ಕೆ ಹಾರುವ ಮೊದಲೇ ಡೊಂಬಯ್ಯ ಗೌಡರು ಬಗ್ಗಿ ಅವರ ಎರಡೂ ಕಾಲು ಹಿಡಿದಾಗಿತ್ತು.

ಆಗಲೇ ಸತ್ಯ ಹೇಳಬಹುದಿತ್ತು. ಆದರೆ ಹನ್ನೊಂದು ಸಂಘಗಳ ಪದಾಧಿಕಾರಿ ಕಾಲಿಗೆ ಬಿದ್ದಾಗ ಬೇಡ ಅನ್ನುವಷ್ಟು ದೊಡ್ಡ ಮನಸ್ಸು ಕೂಸಪ್ಪಣ್ಣನಿಗಿರಲಿಲ್ಲ. ಮಾಡಿದ್ದೆಂದರೆ, ಕಾಲು ಮುಟ್ಟಿದವರಿಗೆ ಏನಾದರೂ ಆಗುತ್ತದೆಯೇ ಎಂದು ಮೋಕ್ಷಿತಾಳಿಗೆ ಫೋನ್ ಮಾಡಿ ಕೇಳಿದ್ದು. ಒಂದು ಗಳಿಗೆ ಮುಟ್ಟಿದರೆ ಏನೂ ಆಗುವುದಿಲ್ಲ ಎಂದು ಅವಳು ನಕ್ಕಳು. ಮುಂದೆ ತಪಾಸಣೆಗೆಂದು ಮಂಗಳೂರಿಗೆ ಹೋಗಿ ಗಡ್ಡ ಬೋಳಿಸಿಕೊಂಡು ಬಂದಾಗ, ಮಲೆಗೆ ಹೋಗಿ ಬಂದರು ಎಂದು ಊರಿಗೆ ಊರೇ ನಿಶ್ಚಯಿಸಿತು. ಡೊಂಬಯ್ಯ ಗೌಡರು ಪ್ರಸಾದ ಕೇಳಿದರು. ಮನೆಯಲ್ಲಿ ಇದ್ದದ್ದು ಜಾಲ್ಸೂರಿನಿಂದ ಯಾರೋ ತಂದುಕೊಟ್ಟ ನೇಂದ್ರ ಬಾಳೆಯ ಚಿಪ್ಸು. ಡೊಂಬಯ್ಯ ಗೌಡರು ಅದನ್ನು ಕಣ್ಣಿಗೊತ್ತಿಕೊಂಡು ಕರುಮುರು ತಿಂದರು. ಹೀಗೆ ರೋಗ ಗುಣವಾಯಿತು, ಸುಳ್ಳು ಉಳಿಯಿತು.

ಈ ವರ್ಷ ಮೋಕ್ಷಿತಾ ಮತ್ತು ಅವಳ ಬಳಗದವರು ‘ಕರಾವಳಿ ನ್ಯೂಕ್ಲಿಯರ್ ಮೆಡಿಸಿನ್ ವೃತ್ತಿಪರರ ಸಂಘ’ ಕಟ್ಟಿದರು. ವೈದ್ಯರು ಐವರು, ಟೆಕ್ನಾಲಜಿಸ್ಟ್‌ಗಳು ಹನ್ನೊಂದು ಮಂದಿ, ವಿಕಿರಣದ ಸುರಕ್ಷತೆ ನೋಡುವ ಭೌತವಿಜ್ಞಾನಿ ಒಬ್ಬರು. ಒಟ್ಟು ಹದಿನೇಳು ಜನ, ಹದಿನಾಲ್ಕು ಹುದ್ದೆ. ಇದು ನಮ್ಮ ಜಿಲ್ಲೆಯ ಸಂಘ ಎಂಬುದಕ್ಕೆ ಬೇರೆ ಪುರಾವೆ ಬೇಡ. ಅವರ ಬೈಲಾದಲ್ಲಿ ಒಂದು ಒಳ್ಳೆಯ ನಿಯಮವಿತ್ತು. ಚಿಕಿತ್ಸೆ ಪಡೆದು ಗುಣವಾದವರೊಬ್ಬರು ಸಮಿತಿಯಲ್ಲಿ ಇರಬೇಕು, ಅವರ ಮಾತನ್ನೂ ಕೇಳಬೇಕು. ಕೇಳಿದವರು ಯಾರೂ ಒಪ್ಪದೆ ಕೊನೆಗೆ ಮೋಕ್ಷಿತಾ ಮಾವನಿಗೆ ಫೋನ್ ಮಾಡಿದಳು. ಉದ್ಘಾಟನೆ ಪುತ್ತೂರಿನಲ್ಲಿ, ವೇದಿಕೆಯಲ್ಲಿ ಕುರ್ಚಿ ಉಂಟು ಎಂದಳು. ಮಾವ ಅದರ ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ.

ಪತ್ರ ಬಂತು. ‘ತಮ್ಮನ್ನು ನಮ್ಮ ಸಂಘದ ರೋಗಿ ಪ್ರತಿನಿಧಿಯಾಗಿ ಆರಿಸಲಾಗಿದೆ.’ ಕೂಸಪ್ಪಣ್ಣ ನಾಲ್ಕು ಸಲ ಓದಿದರು, ನಾಲ್ಕು ಸಲವೂ ‘ರೋಗಿ’ ಎಂಬ ಪದ ಗಂಟಲಲ್ಲಿ ಸಿಕ್ಕಿಕೊಂಡಿತು. ಅದು ಹೊರಗೆ ಬಂದರೆ ಯಾವ ರೋಗ ಎಂದು ಕೇಳುತ್ತಾರೆ. ಯಾವಾಗ ಎಂದು ಕೇಳುತ್ತಾರೆ. ಆಮೇಲೆ ಡೊಂಬಯ್ಯ ಗೌಡರು ಚಿಪ್ಸಿನ ವಿಷಯಕ್ಕೆ ಬರುತ್ತಾರೆ.

ಪೇಟೆಯಲ್ಲಿ ಹಾರಿಸನ ಜೆರಾಕ್ಸ್ ಮತ್ತು ಫ್ಲೆಕ್ಸ್ ಅಂಗಡಿ ಉಂಟು. ಕೂಸಪ್ಪಣ್ಣ ಅಲ್ಲಿಗೆ ಹೋಗಿ ಪತ್ರವನ್ನು ಎಲ್ಲರಿಗೂ ತೋರಿಸಿದರು, ಬಲಗೈ ಹೆಬ್ಬೆರಳನ್ನು ಆ ಪದದ ಮೇಲೆ ಒತ್ತಿ ಹಿಡಿದುಕೊಂಡು. ಓದುವವರು ಪತ್ರ ಎಳೆದರೆ ಹೆಬ್ಬೆರಳೂ ಜೊತೆಗೇ ಹೋಗುತ್ತಿತ್ತು. ಇಷ್ಟು ಒಳ್ಳೆಯ ಪತ್ರವನ್ನು ಲ್ಯಾಮಿನೇಷನ್ ಮಾಡಿಸಬೇಕು ಎಂದು ಹಾರಿಸ್ ಹಟ ಹಿಡಿದ. ಹೆಬ್ಬೆರಳನ್ನು ಸೇರಿಸಿ ಲ್ಯಾಮಿನೇಷನ್ ಮಾಡಲು ಬರುವುದಿಲ್ಲವಲ್ಲ. ಜೆರಾಕ್ಸ್ ಸಾಕು ಎಂದು ಕೂಸಪ್ಪಣ್ಣ ತಾನೇ ಮೆಷಿನ್ನಿನ ಮುಚ್ಚಳ ಎತ್ತಿ, ಪದದ ಮೇಲೆ ಬಿಳಿ ಕಾಗದದ ಚೂರು ಇಟ್ಟು, ಒಂದು ಪ್ರತಿ ತೆಗೆಸಿ ಅವನಿಗೂ ಕೊಟ್ಟರು.

ಸಂಜೆ ಹಾರಿಸ್ ಅಭಿಮಾನದಿಂದ ಅಭಿನಂದನೆಯ ಫ್ಲೆಕ್ಸ್ ಮಾಡಲು ಕೂತಾಗ ಪ್ರತಿಯಲ್ಲಿ ಒಂದು ಖಾಲಿ ಜಾಗ ಕಂಡಿತು. ತನ್ನ ಮೆಷಿನ್ನಿನದೇ ತಪ್ಪು ಎಂದುಕೊಂಡ. ಒಳ್ಳೆಯ ಹುಡುಗ, ಗಿರಾಕಿಗೆ ನಷ್ಟ ಆಗಬಾರದೆಂದು ಆ ಜಾಗಕ್ಕೆ ಅಳತೆಯಾಗುವ ಎರಡಕ್ಷರದ ಪದವೊಂದನ್ನು ತಾನೇ ಹುಡುಕಿ ಹಾಕಿದ. ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ನಿಂತಿತ್ತು: ‘ನ್ಯೂಕ್ಲಿಯರ್ ಸಂಘದ ಕೇಂದ್ರ ಪ್ರತಿನಿಧಿಯಾಗಿ ಆಯ್ಕೆಯಾದ ನಮ್ಮೂರ ಹೆಮ್ಮೆಯ ಕೂಸಪ್ಪ ಗೌಡರಿಗೆ ಹಾರ್ದಿಕ ಅಭಿನಂದನೆಗಳು.’ ‘ಮೆಡಿಸಿನ್’ ಎಂಬುದಕ್ಕೆ ಜಾಗ ಸಾಕಾಗಿರಲಿಲ್ಲ. ಕೂಸಪ್ಪಣ್ಣನ ತಲೆಯ ಹಿಂದೆ ಪ್ರಭಾವಳಿಯಂತೆ ಒಂದು ಅಣುವಿನ ಚಿತ್ರ ಹೊಳೆಯುತ್ತಿತ್ತು.

ಹತ್ತು ಗಂಟೆಗೆ ಗ್ರಾಮ ಆಡಳಿತಾಧಿಕಾರಿ ರಸೀನಾ ಮೇಡಂ ಸ್ಕೂಟರಿನಲ್ಲಿ ಬಂದರು. ಅಣುಸ್ಥಾವರಕ್ಕೆ ಇಲ್ಲಿ ಜಾಗ ನೋಡಿದ್ದಾರೆಯೇ ಎಂದು ಆಫೀಸಿಗೆ ಮೂರು ಫೋನ್ ಬಂದಿತ್ತಂತೆ, ಅವರ ಕೈಗೆ ಮಾತ್ರ ಯಾವ ಕಾಗದವೂ ಬಂದಿರಲಿಲ್ಲವಂತೆ. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಸರಕಾರಿ ಅಧಿಕಾರಿಯೊಬ್ಬರು ಅಂಗಳದಲ್ಲಿ ನಿಂತು ತನ್ನ ಅಭಿಪ್ರಾಯ ಕೇಳುವುದು ಕೂಸಪ್ಪಣ್ಣನ ಬಾಳಿನಲ್ಲಿ ಅದೇ ಮೊದಲು. ಅವರು ದೂರದ ಗುಡ್ಡವನ್ನು ನೋಡಿ, “ಸದ್ಯಕ್ಕೆ ಅಂಥದ್ದೆಂತ ಇಲ್ಲ,” ಎಂದರು.

ಆ ‘ಸದ್ಯಕ್ಕೆ’ ಮೇಡಂನ ಸ್ಕೂಟರಿಗಿಂತ ಮೊದಲು ಕಡಬ ತಲುಪಿತು. ಮಧ್ಯಾಹ್ನಕ್ಕೆ ಜಾಗದ ಬ್ರೋಕರುಗಳಿಬ್ಬರು ಬಂದು ಗುಡ್ಡದ ಗಡಿ ವಿಚಾರಿಸಿದರು. ಅಂಗನವಾಡಿ ಎಲ್ಲಿಗೆ ಸ್ಥಳಾಂತರ ಎಂದು ಹೆಂಗಸರು ಕಮಲಾವತಿಯವರನ್ನು ಬಾವಿಕಟ್ಟೆಯಲ್ಲಿ ತಡೆದು ಕೇಳಿದರು. ಸಂಜೆಗೆ ಭಜನಾ ಮಂದಿರದಲ್ಲಿ ‘ಅಣುಸ್ಥಾವರ ವಿರೋಧಿ ಹೋರಾಟ ಸಮಿತಿ’ ಹುಟ್ಟಿ, ಡೊಂಬಯ್ಯ ಗೌಡರು ಅವಿರೋಧವಾಗಿ ಅಧ್ಯಕ್ಷರಾದರು. ಅದು ಅವರ ಹನ್ನೆರಡನೆಯ ಸಂಘ. ಆದಿತ್ಯವಾರದ ಪುತ್ತೂರಿನ ಸಭೆಗೆ ವಾಹನ ಮಾಡಿಕೊಂಡು ಹೋಗಿ ಮನವಿ ಕೊಡುವುದೆಂದು ಠರಾವು ಆಯಿತು. ಡೊಂಬಯ್ಯ ಗೌಡರು ಬೇಲಿಯ ಹತ್ತಿರ ಬಂದು, ಬೇಸರ ಮಾಡಬೇಡಿ, ನೀವು ಮೇಲೆ ಕೂತಿರಿ, ನಾವು ಕೆಳಗಿನಿಂದ ವಿರೋಧಿಸುತ್ತೇವೆ ಎಂದು ಗೌರವದಿಂದಲೇ ತಿಳಿಸಿದರು. ತಾನು ಮೇಲೆ, ಡೊಂಬಯ್ಯ ಕೆಳಗೆ. ಕೂಸಪ್ಪಣ್ಣನಿಗೆ ಅದರ ಮುಂದಿನ ಮಾತೊಂದೂ ಕಿವಿಗೆ ಬೀಳಲಿಲ್ಲ.

ಕಮಲಾವತಿಯವರು ಸಂಪಾಜೆಯ ಕಡೆಯವರು. ಸಿಟ್ಟು ಬಂದರೆ ತವರಿನ ಅರೆಭಾಷೆಗೆ ಇಳಿಯುತ್ತಾರೆ, ಇಳಿದರೆ ಅರ್ಧ ಗಂಟೆ ಮೇಲೆ ಬರುವುದಿಲ್ಲ. ಗುಣವಾದ ರೋಗಕ್ಕೆ ನಾಚಿಕೆ ಯಾಕೆ, ಹೋಗಿ ಸತ್ಯ ಹೇಳಿ ಬನ್ನಿ ಎಂಬುದು ಅದರ ಸಾರಾಂಶ. ಕೂಸಪ್ಪಣ್ಣ ತಲೆ ತಗ್ಗಿಸಿ, “ಆದಿತ್ಯವಾರ ಒಂದು ಕಳೀಲಿ. ಒಂದು ಸಲ ಕೂತು ಇಳೀತೇನೆ,” ಎಂದರು.

ಶುಕ್ರವಾರ ನೆಲ್ಯಾಡಿಯ ಹತ್ತಿರದಿಂದ ಚೆರಿಯನ್ ಬಂದರು, ರಬ್ಬರ್ ಕೃಷಿಕರು, ಕೂಸಪ್ಪಣ್ಣನಿಗೆ ಹಳೆಯ ಪರಿಚಯ. ಜೊತೆಗೆ ಹೆಂಡತಿ ಸಿಸಿಲಿ. ಅವರ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಚಹಾದ ಲೋಟ ಹಿಡಿದಾಗ ಅರ್ಧ ಚಹಾ ತಟ್ಟೆಗೆ ಚೆಲ್ಲಿತು. ಅದೇ ರೋಗ, ಅದೇ ಗುಳಿಗೆ. ಸೋಮವಾರಕ್ಕೆ ದಿನ ಕೊಟ್ಟಿದ್ದಾರೆ, ಎರಡು ಸಲ ದಿನ ಕೊಟ್ಟಾಗಲೂ ಇವಳು ಆಸ್ಪತ್ರೆಯ ಗೇಟಿನಿಂದ ವಾಪಸು ಬಂದಿದ್ದಾಳೆ, ಇನ್ನು ತಡ ಮಾಡಿದರೆ ಹೃದಯಕ್ಕೆ ಪೆಟ್ಟು ಎಂದಿದ್ದಾರೆ ಎಂದು ಚೆರಿಯನ್ ಒಂದೇ ಉಸಿರಿಗೆ ಹೇಳಿದರು. ಆಸ್ಪತ್ರೆಯ ಚೀಟಿಯಲ್ಲಿದ್ದ ‘ನ್ಯೂಕ್ಲಿಯರ್’ ಎಂಬ ಪದವನ್ನೇ ಫ್ಲೆಕ್ಸಿನಲ್ಲಿ ಕಂಡು, ಕೇಂದ್ರದವರು ಒಂದು ಮಾತು ಹೇಳಿದರೆ ಕೇಳಿಯಾಳು ಎಂದು ಕರೆದುಕೊಂಡು ಬಂದಿದ್ದರು. ಕೂಸಪ್ಪಣ್ಣ ಗಂಟಲು ಸರಿಮಾಡಿ, ವಿಜ್ಞಾನ ಬಹಳ ಮುಂದುವರಿದಿದೆ ಎಂದು ಶುರುಮಾಡಿದರು.

ಸಿಸಿಲಿ ತಡೆದರು. “ಗೌಡ್ರೇ, ಅದನ್ನು ನುಂಗಿದವರು ಒಬ್ಬರನ್ನು ತೋರ್ಸಿ. ಫೋಟೋ ಬೇಡ, ಜೀವ ಇರುವವರು. ಮತ್ತೆ ನಾನು ನುಂಗ್ತೇನೆ.”

ಕೂಸಪ್ಪಣ್ಣ ಬಾಯಿ ತೆರೆದರು. ಸಿಸಿಲಿಯ ಹಿಂದೆ, ಬೇಲಿಯ ಆಚೆ, ಡೊಂಬಯ್ಯ ಗೌಡರು ಶಾಲುಗಳನ್ನು ಕೊಡವಿ ಹಗ್ಗಕ್ಕೆ ಹಾಕುತ್ತಿದ್ದರು. ತೆರೆದ ಬಾಯಿ ಮುಚ್ಚಿತು. ಆದಿತ್ಯವಾರ ಪುತ್ತೂರಿಗೆ ಬನ್ನಿ, ಅಲ್ಲಿ ದೊಡ್ಡ ಡಾಕ್ಟರುಗಳೇ ತೋರಿಸುತ್ತಾರೆ ಎಂದುಬಿಟ್ಟರು. ಒಳಗೆ ಕಮಲಾವತಿಯವರು ಒಂದು ಪಾತ್ರೆಯನ್ನು ಬೇಕೆಂದೇ ನೆಲಕ್ಕೆ ಕುಕ್ಕಿದರು. ಸಿಸಿಲಿಯ ನಡುಗುವ ಕೈಯನ್ನು ನೋಡಿ ಕೂಸಪ್ಪಣ್ಣನಿಗೆ ನಿಜಕ್ಕೂ ನಾಚಿಕೆಯಾಯಿತು.

ಆದಿತ್ಯವಾರ ಬೆಳಿಗ್ಗೆ ಪುತ್ತೂರಿನ ಸಭಾಂಗಣದಲ್ಲಿ ಕಾರ್ಯಕ್ರಮ ನಲವತ್ತು ನಿಮಿಷ ತಡವಾಯಿತು. ಕಾರಣ ಕುರ್ಚಿ. ಭೌತವಿಜ್ಞಾನಿಯ ಕುರ್ಚಿ ಬದಿಯಲ್ಲಿತ್ತು, ಅವರು ಅದನ್ನು ನಡುವಿಗೆ ಎಳೆದರು. ನಡುವಿನಲ್ಲಿದ್ದ ವೈದ್ಯರು ಎದ್ದು ನಿಂತರು. ಟೆಕ್ನಾಲಜಿಸ್ಟ್‌ಗಳು, ಕೆಲಸ ಮಾಡುವುದು ನಾವು, ಕುರ್ಚಿ ಎರಡೇಯೇ ಎಂದರು. ಕಣ್ಣಿಗೆ ಕಾಣದ ಕಿರಣವನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯುವ ವಿದ್ಯಾವಂತರು ಏಳು ಕುರ್ಚಿಗಳನ್ನು ಸಮನಾಗಿ ಇಡಲಾರದೆ ಬೆವರಿದರು. ಪತ್ರಕರ್ತರ ಸಾಲಿನಲ್ಲಿ ಕೂತ ನನಗೆ ಅವರ ಮೇಲೆ ಮೊದಲ ಬಾರಿಗೆ ಪ್ರೀತಿ ಹುಟ್ಟಿತು.

ಕೂಸಪ್ಪಣ್ಣ ಕೊನೆಯ ಕುರ್ಚಿಯಲ್ಲಿ ಕೂತರು. ಎದುರಿಗೆ ಹೆಸರಿನ ಫಲಕ: ‘ಕೂಸಪ್ಪ ಗೌಡ, ರೋಗಿ ಪ್ರತಿನಿಧಿ.’ ಕೂತ ಕೂಡಲೇ ಹೂಗುಚ್ಛವನ್ನು ಅದರ ಮುಂದಕ್ಕೆ ಸರಿಸಿದರು. ಸ್ವಾಗತದಲ್ಲಿ ಆ ಪದ ಹೇಳಬಾರದೆಂದು ಮೋಕ್ಷಿತಾಳ ಕೈಯಲ್ಲಿ ಮೊದಲೇ ಭಾಷೆ ತೆಗೆದುಕೊಂಡಿದ್ದರು. ನಮ್ಮೂರಿನ ಅರುವತ್ತು ಜನ ಕೆಳಗೆ ತುಂಬಿದ್ದರು. ಮೂರನೆಯ ಸಾಲಿನ ಬದಿಯ ಕುರ್ಚಿಯಲ್ಲಿ ಡೊಂಬಯ್ಯ ಗೌಡರು. ಕೂಸಪ್ಪಣ್ಣ ಮೇಲಿನಿಂದ ಅವರನ್ನು ಎರಡು ನಿಮಿಷ ನೋಡಿದರು. ಆ ಎರಡು ನಿಮಿಷದ ಸುಖವನ್ನು ನಾನು ಅವರಿಂದ ಕಸಿಯಲಾರೆ.

ಡೊಂಬಯ್ಯ ಗೌಡರು ಮನವಿ ಕೊಟ್ಟರು. ಸಂಘದ ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದಿದರು. ‘ನಮ್ಮ ಗ್ರಾಮಕ್ಕೆ ಅಣುಸ್ಥಾವರ ಬೇಡವೇ ಬೇಡ.’ ಅಧ್ಯಕ್ಷರು ಭೌತವಿಜ್ಞಾನಿಯನ್ನು ನೋಡಿದರು, ಭೌತವಿಜ್ಞಾನಿ ಮೋಕ್ಷಿತಾಳನ್ನು ನೋಡಿದರು, ಮೋಕ್ಷಿತಾ ಮಾವನನ್ನು ನೋಡಿದಳು, ಮಾವ ಹೂಗುಚ್ಛವನ್ನು ನೋಡಿದರು. ಇದು ಔಷಧ ಕೊಡುವವರ ಸಂಘ, ನಮ್ಮಲ್ಲಿರುವ ಅತಿ ದೊಡ್ಡ ಸಾಮಾನು ಒಂದು ಸ್ಕ್ಯಾನ್ ಮೆಷಿನ್ ಎಂದು ಮೋಕ್ಷಿತಾ ಸಮಾಧಾನ ಹೇಳಿದಳು. ಹಾಗಾದರೆ ಕೂಸಪ್ಪ ಯಾವ ಕೇಂದ್ರದ ಪ್ರತಿನಿಧಿ ಎಂದು ಡೊಂಬಯ್ಯ ಗೌಡರು ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಬರುವ ಮೊದಲು ಕೊನೆಯ ಸಾಲಿನಲ್ಲಿ ಸಿಸಿಲಿ ಎದ್ದು ನಿಂತರು.

ಗುಳಿಗೆ ನುಂಗಿ ಬದುಕಿದವರನ್ನು ಇಲ್ಲಿ ತೋರಿಸುತ್ತೇವೆ ಎಂದಿದ್ದರು, ತೋರಿಸಿ ಎಂದರು. ಅಧ್ಯಕ್ಷರು ಇಷ್ಟು ದೇಶಗಳಲ್ಲಿ ಇಷ್ಟು ಲಕ್ಷ ಜನ ಎಂದು ಅಂಕಿಅಂಶ ಶುರುಮಾಡಿದರು.

“ಸಾರ್, ಅಂಕಿ ಬೇಡ,” ಎಂದರು ಸಿಸಿಲಿ. “ಆಳು ತೋರ್ಸಿ.”

ಭಾಷೆ ಕೊಟ್ಟಿದ್ದ ಮೋಕ್ಷಿತಾ ತುಟಿ ಕಚ್ಚಿ ನಿಂತಳು. ಸಿಸಿಲಿ ಗಂಡನ ಕೈಯಿಂದ ಚೀಲ ತೆಗೆದುಕೊಂಡು ಬಾಗಿಲ ಕಡೆಗೆ ತಿರುಗಿದರು. ಆಗ ವೇದಿಕೆಯ ಕೊನೆಯ ಕುರ್ಚಿಯಲ್ಲಿ ಹೂಗುಚ್ಛ ಸರಿಯಿತು. ಕೂಸಪ್ಪಣ್ಣ ಫಲಕವನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ಮೈಕಿನ ಮುಂದೆ ಬಂದರು. ಹೆಬ್ಬೆರಳು ಈ ಸಲ ಹಿಂಬದಿಯಲ್ಲಿತ್ತು.

“ನುಂಗಿದ್ದು ನಾನು. ಎರಡು ವರ್ಷ ಆಯ್ತು,” ಎಂದರು. “ಕಹಿ ಇಲ್ಲ, ನೋವಿಲ್ಲ, ನೀರು ಕುಡಿದ್ರೆ ಇಳಿದು ಹೋಗ್ತದೆ. ನನ್ನ ಕೈಯೂ ನಿಮ್ಮ ಹಾಗೆಯೇ ನಡುಗ್ತಾ ಇತ್ತು ಸಿಸಿಲಿಯಮ್ಮ. ಈಗ ನಡುಗುದು ಥೈರಾಯ್ಡಿಗೆ ಅಲ್ಲ, ಡೊಂಬಯ್ಯಣ್ಣನ ಹೆದರಿಕೆಗೆ.”

ಆಮೇಲೆ ಎಲ್ಲವನ್ನೂ ಹೇಳಿದರು. ಪಂಪ್‌ಶೆಡ್ಡು, ಕಪ್ಪು ಲುಂಗಿ, ಬಾಳೆಲೆ, ಎತ್ತಿದ ಅಂಗೈ. ಅದು ವ್ರತ ಅಲ್ಲ, ನಾನು ಮಲೆಗೆ ಹೋಗಲೇ ಇಲ್ಲ, ಸ್ವಾಮಿಗೂ ಊರಿಗೂ ತಪ್ಪು ಮಾಡಿದೆ ಎಂದರು. ನಮ್ಮೂರಿನ ಅರುವತ್ತು ತಲೆಗಳು ಒಟ್ಟಿಗೆ ಮೂರನೆಯ ಸಾಲಿನ ಕಡೆಗೆ ತಿರುಗಿದವು. ಡೊಂಬಯ್ಯ ಗೌಡರು ಮೆಲ್ಲನೆ ಎದ್ದು ನಿಂತರು.

“ಹಾಗಾದ್ರೆ ನಾನು ಹಿಡಿದ ಕಾಲು?”

“ಅದು ಬರೇ ಕಾಲು ಡೊಂಬಯ್ಯಣ್ಣ.”

“ಆ ಪ್ರಸಾದ?”

“ಜಾಲ್ಸೂರಿನ ಚಿಪ್ಸು.”

ಸಭಾಂಗಣ ನಕ್ಕಿತು. ಡೊಂಬಯ್ಯ ಗೌಡರು ನಗಲಿಲ್ಲ. ಕೂಸಪ್ಪಣ್ಣ ಮೈಕಿನಲ್ಲೇ, ತೆಗೆದುಕೊಂಡದ್ದನ್ನು ವಾಪಸು ಕೊಡುತ್ತೇನೆ, ದಯಮಾಡಿ ಮೇಲೆ ಬನ್ನಿ ಎಂದು ಕೈಮುಗಿದರು. ಎಂಥ ಸಿಟ್ಟಿನಲ್ಲಿದ್ದರೂ ವೇದಿಕೆಗೆ ಕರೆದರೆ ಹತ್ತದೆ ಇರುವುದು ಡೊಂಬಯ್ಯ ಗೌಡರ ದೇಹಕ್ಕೆ ಗೊತ್ತಿಲ್ಲ. ಕಾಲುಗಳು ತಾವಾಗಿ ಮೆಟ್ಟಿಲು ಹತ್ತಿದವು. ಮೇಲೆ ಶಾಲು ಹಿಡಿದು ಕಾಯುತ್ತಿದ್ದ ಸಂಘದ ಸ್ವಯಂಸೇವಕಿ ಆಯಿಶತ್ ಶಿಫಾ, ಹತ್ತಿ ಬಂದವರಿಗೆ ಹೊದಿಸುವುದು ತನ್ನ ಕೆಲಸ ಎಂದುಕೊಂಡು, ಕೂಸಪ್ಪಣ್ಣನಿಗೆಂದು ತಂದ ಶಾಲನ್ನು ಡೊಂಬಯ್ಯ ಗೌಡರಿಗೆ ಹೊದಿಸಿಬಿಟ್ಟಳು. ಶಾಲು ಹೆಗಲಿಗೆ ಬಿದ್ದ ಕೂಡಲೇ ಅವರ ಮುಖದಲ್ಲಿ ನಲವತ್ತು ವರ್ಷದ ಅಭ್ಯಾಸದ ಮುಗುಳುನಗೆ ಬಂತು. ಅದೇ ಹೊತ್ತಿಗೆ ಕೂಸಪ್ಪಣ್ಣ ಬಗ್ಗಿ ಅವರ ಎರಡೂ ಕಾಲು ಹಿಡಿದರು. ಅದೇ ಹೊತ್ತಿಗೆ ಫೋಟೋಗ್ರಾಫರನ ಬೆಳಕು ಮಿಂಚಿತು. ಹಿಂದಿನ ಸಾಲಿನಲ್ಲಿ ಸಿಸಿಲಿ ಹೊಟ್ಟೆ ಹಿಡಿದು ನಗುತ್ತಾ ವಾಪಸು ಕೂತರು. ಹೆಂಡತಿ ನಗುವುದನ್ನು ನೋಡಿ ಚೆರಿಯನ್ ಕಣ್ಣೊರೆಸಿಕೊಂಡರು.

ವರದಿಯಲ್ಲಿ ನಾನು ಕೂಸಪ್ಪಣ್ಣನ ಹೆಸರನ್ನು ಎಲ್ಲರಿಗಿಂತ ಮೊದಲು ಬರೆದೆ. ನನ್ನ ಧರ್ಮ ನಾನು ಮಾಡಿದ್ದೇನೆ. ಆದರೆ ಮರುದಿನದ ಪೇಪರಿನಲ್ಲಿ ಜಾಹೀರಾತು ಬಂದು ಜಾಗ ಇಲ್ಲದೆ, ನನ್ನ ವರದಿಯ ಬದಲು ಫೋಟೋ ಒಂದೇ ಬಂತು. ನಡುವಿನಲ್ಲಿ ಶಾಲು ಹೊದ್ದು ನಗುತ್ತಿರುವ ಡೊಂಬಯ್ಯ ಗೌಡರು, ಎದುರಿಗೆ ಬಗ್ಗಿದ ಒಂದು ಬೆನ್ನು. ಅಡಿಯಲ್ಲಿ: ‘ನ್ಯೂಕ್ಲಿಯರ್ ಮೆಡಿಸಿನ್ ಸಂಘದ ಉದ್ಘಾಟನೆಯಲ್ಲಿ ಡೊಂಬಯ್ಯ ಗೌಡ ಅವರನ್ನು ಸನ್ಮಾನಿಸಲಾಯಿತು. ಮತ್ತಿತರರು ಉಪಸ್ಥಿತರಿದ್ದರು.’

ಏಳು ಗಂಟೆಗೆ ಸರಿಯಾಗಿ ಫೋನ್ ಬಂತು. ನಾನು ಕ್ಷಮೆ ಕೇಳಲು ಸಿದ್ಧನಾಗಿಯೇ ಎತ್ತಿದೆ.

“ಬೆನ್ನು ನಂದೇ ಅಂತ ಗೊತ್ತಾಗ್ತದಲ್ಲ?” ಎಂದು ಕೂಸಪ್ಪಣ್ಣ ಕೇಳಿದರು. ಸ್ಪಷ್ಟವಾಗಿ ಗೊತ್ತಾಗುತ್ತದೆ ಎಂದೆ. ಹತ್ತು ಗಂಟೆಗೆ ಅವರು ಹಾರಿಸನ ಅಂಗಡಿಯಲ್ಲಿ ಆ ಫೋಟೋಕ್ಕೆ ಲ್ಯಾಮಿನೇಷನ್ ಮಾಡಿಸಿದರು.

ಸಿಸಿಲಿ ಅದೇ ಸೋಮವಾರ ಗುಳಿಗೆ ನುಂಗಿ ಮನೆಗೆ ಬಂದು, ಹಿಂಬದಿಯ ಕೋಣೆಯಲ್ಲಿ ಪ್ರತ್ಯೇಕ ಕೂತರು. ಗುರುವಾರ ಕೂಸಪ್ಪಣ್ಣ ರೋಗಿ ಪ್ರತಿನಿಧಿಯ ಮೊದಲ ಅಧಿಕೃತ ಕೆಲಸವೆಂದು ವಿಚಾರಿಸಲು ಹೋದರು, ನಾನೂ ಜೊತೆಗಿದ್ದೆ. ಚೆರಿಯನ್ ಅವರ ಗೇಟಿನ ಹೊರಗೆ ಇಗರ್ಜಿಯ ಎಂಟು ಹತ್ತು ಹೆಂಗಸರು ಮೇಣದ ಬತ್ತಿ ಹಿಡಿದು ನಿಂತಿದ್ದರು. ಕೆಲವರು ಬರೆದು ತಂದ ಪ್ರಾರ್ಥನೆಯ ಚೀಟಿಗಳನ್ನು ಒಳಗೆ ಕಳಿಸಬೇಕೆಂದು ಕೇಳಿಕೊಳ್ಳುತ್ತಿದ್ದರು. ಚೆರಿಯನ್ ನಮ್ಮನ್ನು ಬದಿಗೆ ಕರೆದು ತಲೆ ತುರಿಸಿಕೊಂಡರು. ಕಾಯಿಲೆ ಎಂದು ಹೇಳಲು ಬಾಯಿ ಬರಲಿಲ್ಲವಂತೆ, ಸಿಸಿಲಿ ಹತ್ತು ದಿನ ಮೌನದಲ್ಲಿ ಧ್ಯಾನಕ್ಕೆ ಕೂತಿದ್ದಾಳೆ ಎಂದುಬಿಟ್ಟಿದ್ದರಂತೆ. ಒಳಗಿನ ಕಿಟಕಿಯಿಂದ ಧ್ಯಾನಕ್ಕೆ ಕೂತವರು ನಗುವುದು ಕೇಳುತ್ತಿತ್ತು.

ಕೂಸಪ್ಪಣ್ಣ ಹೆಂಗಸರ ಸಾಲನ್ನು ಒಮ್ಮೆ ನೋಡಿದರು. ಆಮೇಲೆ ಸಂಘದ ಪರವಾಗಿ ಗಂಭೀರವಾಗಿ ಸಲಹೆ ಕೊಟ್ಟರು.

“ಹೇಳಿದ್ದು ಹೇಳಿ ಆಯ್ತು ಚೆರಿಯನ್ ಚೇಟ. ಕಾಲು ಮಾತ್ರ ಮುಟ್ಟ್ಲಿಕ್ಕೆ ಬಿಡ್ಬೇಡಿ. ವಾಪಸು ಕೊಡುವಾಗ ಸೊಂಟ ಹಿಡೀತದೆ.”